ಕಡೇ ಪಂಕ್ತಿಯಲ್ಲಿ ಉಂಡವಳು

ಡ್ಯಾಮಿನ ಎಡದಂಡೆ ಕಾಲುವೆಗೆ ನೀರು ಬಿಟ್ಟರು ಎನ್ನುವ ಸುದ್ದಿ ಬಂದ ದಿನ ನಮ್ಮ ಮನೆಯಲ್ಲಿ ಆ ಹುಡುಗಿಯ ಮಾತು ಬಂದೇ ಬರುತ್ತದೆ. ಈ ವರ್ಷವೂ ಬಂತು. ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ ನಮ್ಮ ಅತ್ತೆ, “ಮ್ಯಾಲಿನಾಕಿಗೆ ಹೇಳಿದ್ಯಾ, ನೀರು ಬಂತಂತ?” ಎಂದು ಕೇಳಿದರು. ಹೇಳ್ತೀನಿ ಅಂದೆ. ಸಂಜೆ ಮೆಸೇಜು ಹಾಕಿದೆ. ಮೊದಲಾಗಿದ್ದರೆ ಆ ಕ್ಷಣವೇ ಫೋನು ಬರುತ್ತಿತ್ತು. ಈಗ ಅವಳಿಗೂ ನೌಕರಿ, ಮನೆ, ಮಗು ಎಲ್ಲ ಆಗಿವೆ. ಕೆಲವು ದಿನ ಬಿಟ್ಟು ಒಂದು ಹೂವಿನ ಚಿತ್ರ ಬಂತು. ಅದನ್ನೇ ಅತ್ತೆಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, “ಹೂವ ಯಾಕ ಕಳಿಸ್ಯಾಳ, ಮಾರಿ ಕಳಿಸಬಾರದ” ಎಂದರು. ನನಗೂ ಅವಳ ಮುಖವನ್ನೇ ನೋಡಬೇಕು ಅನ್ನಿಸಿತ್ತು.

ಅವಳು ಇಥಿಯೋಪಿಯದವಳು. ಗಂಗಾವತಿಯ ಹೊರಗಿನ ಕೃಷಿ ಕಾಲೇಜಿಗೆ ಒಂದು ಸೆಮಿಸ್ಟರಿನ ಮಟ್ಟಿಗೆ ಭತ್ತದ ಬಗ್ಗೆ ಓದಲು ಬಂದಿದ್ದಳು. ಹಾಸ್ಟೆಲ್ಲಿನ ಊಟ ಹೊಂದದೆ, ಯಾರೋ ಹೇಳಿದರೆಂದು ನಮ್ಮ ಮಹಡಿಯ ಕೋಣೆಗೆ ಬಂದಳು. ಹೆಸರು ಚೆಂದದ್ದೇ ಇತ್ತು. ಆದರೆ ನಮ್ಮ ಓಣಿಯ ನಾಲಿಗೆಗೆ ಅದು ಹೊಂದಲಿಲ್ಲ. ಎದುರು ಮನೆಯವರು ಒಂದು ತರಹ, ಕಿರಾಣಿಯವರು ಒಂದು ತರಹ ಕರೆದು ಕೊನೆಗೆ ಎಲ್ಲರೂ ‘ಮ್ಯಾಲಿನಾಕಿ’ ಎಂದೇ ಕರೆಯತೊಡಗಿದರು. ಅವಳಿಗೂ ಅದು ರೂಢಿಯಾಯಿತು. ಬಾಗಿಲು ಬಡಿದಾಗ ಯಾರು ಎಂದರೆ, “ನಾನ್ರಿ, ಮ್ಯಾಲಿನಾಕಿ” ಎನ್ನುತ್ತಿದ್ದಳು. ಹಾಗಾಗಿ ಇಲ್ಲಿ ಬೇರೆ ಹೆಸರು ಬರೆಯುವುದಿಲ್ಲ.

ಎತ್ತರದ, ತೆಳ್ಳನೆಯ ಹುಡುಗಿ. ತಲೆತುಂಬ ಸಣ್ಣ ಸಣ್ಣ ಹೆರಳು. ಬಂದ ದಿನ ಓಣಿಯ ಹೆಂಗಸರೆಲ್ಲ ಒಂದಲ್ಲ ಒಂದು ನೆಪ ಮಾಡಿಕೊಂಡು ನಮ್ಮ ಮನೆಗೆ ಬಂದರು. ಒಬ್ಬಳಿಗೆ ಹೆಪ್ಪು ಬೇಕಿತ್ತು, ಒಬ್ಬಳಿಗೆ ಜರಡಿ. ಕಡೆಗೆ ಧೈರ್ಯ ಮಾಡಿದ್ದು ನಮ್ಮ ಅತ್ತೆಯೇ. ಒಂದು ಹೆರಳನ್ನು ಬೆರಳಲ್ಲಿ ಹಿಡಿದು, “ಇಷ್ಟು ಯಾರು ಹಾಕ್ಯಾರವ್ವ ಪುಣ್ಯಾತ್ಗಿತ್ತಿ?” ಎಂದು ಕೇಳಿದರು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವಳು, ನನ್ನ ತಾಯಿ ಎಂದಳು. ಅಷ್ಟು ಹೇಳುವಾಗಲೇ ಕಣ್ಣು ತುಂಬಿಕೊಂಡಿತ್ತು. ಅತ್ತೆ ಹೆರಳು ಬಿಟ್ಟು ಒಳಗೆ ಹೋಗಿ ಶೇಂಗಾ ಉಂಡಿ ತಂದು ಅವಳ ಕೈಯಲ್ಲಿಟ್ಟರು. ಅತ್ತೆಯ ಔಷಧದ ಪೆಟ್ಟಿಗೆಯಲ್ಲಿ ಇರುವುದು ಅದೊಂದೇ ಔಷಧ.

ಕನ್ನಡ ಕಲಿಸುತ್ತೇನೆಂದು ಮೊದಲು ಹೊರಟವಳು ನಾನು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳಾದರೂ ಮೇಷ್ಟ್ರಗಿರಿಯ ಚಟ ಬಿಡಬೇಕಲ್ಲ. ‘ಇದು ಏನು, ಇದು ಪುಸ್ತಕ’ ಎಂದು ಶುರು ಮಾಡಿದೆ. ಆ ಕನ್ನಡ ತೆಗೆದುಕೊಂಡು ಸಂತೆಗೆ ಹೋದರೆ ಬದನೆಕಾಯಿ ಮಾರುವವಳು ನಕ್ಕು ನಕ್ಕು ತಕ್ಕಡಿಯನ್ನೇ ಕೆಳಗಿಟ್ಟಳಂತೆ. ಮರುದಿನದಿಂದ ಅವಳು ಅತ್ತೆಯ ಶಿಷ್ಯೆ. ಅದರಿಂದ ಒಂದು ಅನಾಹುತವಾಯಿತು. ಇಪ್ಪತ್ತೆರಡರ ಹುಡುಗಿ ಎಂಬತ್ತರ ಮುದುಕಿಯ ಹಾಗೆ ಮಾತಾಡತೊಡಗಿದಳು. ಮೆಟ್ಟಿಲು ಹತ್ತುವಾಗ “ಶಿವನ, ಮಣಕಾಲು ಹೋದ್ವು” ಎನ್ನುವಳು. ಬಿಸಿಲು ಜೋರಾದರೆ “ಕಾಲ ಕೆಟ್ಟೈತಿ” ಎನ್ನುವಳು. ಕಾಲೇಜಿನಲ್ಲಿ ಬಿಗಿ ಮುಖದ ದೊಡ್ಡ ಪ್ರೊಫೆಸರರೊಬ್ಬರು ಎದುರಾದಾಗ, “ಎಪ್ಪಾ, ಉಂಡ್ಯಾ?” ಎಂದು ಕೇಳಿಬಿಟ್ಟಿದ್ದಳು. ಅವರು ಅಂದಿನಿಂದ ದಿನಾ ತಪ್ಪದೆ ಅವಳಿಗೆ ತಮ್ಮ ಊಟದ ವರದಿ ಕೊಡುತ್ತಿದ್ದರಂತೆ.

ಅತ್ತೆಯನ್ನು ಅವಳು ‘ಅಮ್ಮ’ ಎಂದಳು. ನಮ್ಮ ಕಡೆ ಅಮ್ಮ ಎಂದರೆ ಅಜ್ಜಿ. ನನ್ನನ್ನು, ಊರವರು ಶಾಲೆಯ ಟೀಚರನ್ನು ಕರೆಯುವ ಹಾಗೆ, ‘ಅಕ್ಕೋರ’ ಎಂದಳು, ನಮ್ಮ ಮನೆಯವರನ್ನು ‘ಕಾಕಾ’. ಎಲ್ಲ ಸರಿಯಾಗಿಯೇ ಇತ್ತು, ಊಟದ ಹೊತ್ತೊಂದನ್ನು ಬಿಟ್ಟು. ಅದು ನಮಗೆ ಆಗ ತಿಳಿಯಲಿಲ್ಲ.

ನಮ್ಮ ಮನೆಯ ಪದ್ಧತಿ ಹೀಗೆ. ಬೀಗರು ಬಂದರೆ ಮೊದಲು ಅವರಿಗೆ, ಮನೆಯ ಗಂಡಸರಿಗೆ ತಾಟು ಹಾಕುವುದು. ಬೀಗರೆಂದರೆ ಹೆಣ್ಣು ಕೊಟ್ಟವರು ತಂದವರು ಮಾತ್ರ ಅಲ್ಲ, ಯಾವ ನೆಂಟರು ಬಂದರೂ ನಮಗೆ ಬೀಗರೇ. ಮನೆಯ ಹೆಂಗಸರು ಆಮೇಲೆ ಒಲೆಯ ಹತ್ತಿರ ಕೂತು ಉಣ್ಣುವುದು. ಇದು ಸರಿಯೋ ತಪ್ಪೋ ಎಂದು ಸ್ಟಾಫ್ ರೂಮಿನಲ್ಲಿ ನಾನು ದೊಡ್ಡ ಭಾಷಣ ಮಾಡಬಲ್ಲೆ. ಮನೆಗೆ ಬಂದರೆ ಅತ್ತೆಯ ಪಕ್ಕ ಕೂತು ಕಡೆಗೇ ಉಣ್ಣುತ್ತೇನೆ. ಆ ಹೊತ್ತಿನಲ್ಲಿ ಬರುವ ಮಾತು, ನಗು, ಚಾಡಿ ಮೊದಲನೆಯ ಪಂಕ್ತಿಯವರ ಹಣೆಯಲ್ಲಿ ಬರೆದಿಲ್ಲ.

ಇನ್ನೊಂದು ಪದ್ಧತಿ ಅಕ್ಕಿಯದು. ಕಾರಟಗಿಯ ಹತ್ತಿರ ನಮ್ಮ ಹೊಲ. ಭತ್ತ ಬೆಳೆಯುವವರಿಗೆ ಅಕ್ಕಿಯ ವಯಸ್ಸು ಗೊತ್ತಿರುತ್ತದೆ. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆ, ಹೊಟ್ಟೆಗೆ ಜಡ. ವರ್ಷ ದಾಟಿದ ಅಕ್ಕಿ ಮಲ್ಲಿಗೆಯ ಹಾಗೆ ಬಿಡಿ ಬಿಡಿಯಾಗಿ ಅರಳುತ್ತದೆ. ಆ ಹಳೆಯ ಅಕ್ಕಿಯನ್ನು ಅತ್ತೆ ಬೇರೆ ಡಬ್ಬಿಯಲ್ಲಿ ಬೇವಿನ ಎಲೆ ಹಾಕಿ ಇಡುತ್ತಾರೆ. ಅದು ಬೀಗರಿಗೆ. ನಮಗೆ ಈಚಿನ ಬೆಳೆಯದ್ದು. ಅತ್ತೆ ಯಲಬುರ್ಗಿ ಕಡೆಯ ಒಣ ಬೇಸಾಯದ ಮನೆಯಿಂದ ಬಂದವರು. ಅವರ ತವರಿನಲ್ಲಿ ಅನ್ನವೆಂದರೆ ಹಬ್ಬಕ್ಕೆ, ಇಲ್ಲವೇ ಬೀಗರು ಬಂದಾಗ. ಈಗ ಚೀಲಗಟ್ಟಲೆ ಭತ್ತ ಮನೆಗೆ ಬಂದರೂ ಛಲೋದನ್ನು ಬಂದವರಿಗೆ ಎತ್ತಿಡುವ ಕೈ ಬದಲಾಗಿಲ್ಲ.

ಮ್ಯಾಲಿನಾಕಿಗೆ ಬಂದ ದಿನದಿಂದ ಆ ಡಬ್ಬಿಯದೇ ಅನ್ನ. ಸಣ್ಣ ಪಾತ್ರೆಯಲ್ಲಿ ಬೇರೆ ಬೇಯಿಸಿ, ನಮ್ಮ ಮನೆಯವರ ಜೊತೆ ಮೊದಲ ಪಂಕ್ತಿಗೆ ಕೂರಿಸಿ ಬಡಿಸುತ್ತಿದ್ದೆವು. ಆ ಸೆಮಿಸ್ಟರು ಪೂರ್ತಿ ನಮ್ಮ ಮನೆಯವರಿಗೂ ಬೀಗರ ಭಾಗ್ಯ. ಅವರು ಗಪ್‌ಚಿಪ್ ಉಂಡು ಏಳುತ್ತಿದ್ದರು.

ಅವಳಿಗೆ ನಮ್ಮ ಹೊಲವೆಂದರೆ ಜೀವ. ಆ ವರ್ಷ ಡ್ಯಾಮು ತಡವಾಗಿ ತುಂಬಿ ಕಾಲುವೆಗೆ ನೀರು ತಡವಾಗಿ ಬಂತು. ನಾಟಿಯೂ ತಡವಾಯಿತು. ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ಹೆಣ್ಣುಮಕ್ಕಳು ತೆಲುಗಿನಲ್ಲಿ ಹರಟುತ್ತ ಸಸಿ ಹಚ್ಚುತ್ತಿದ್ದಾಗ ಇವಳೂ ಕೆಸರಿಗಿಳಿದಳು. ಕಾಲುವೆ ಕಡೆಯ ಮೂಲೆಯ ಒಂದು ಸಣ್ಣ ಮಡಿಯನ್ನು, ಬದು ಕಟ್ಟಿದ ತುಂಡು ಗದ್ದೆಯನ್ನು, ತಾನೊಬ್ಬಳೇ ಹಚ್ಚುತ್ತೇನೆಂದು ಹಟ ಹಿಡಿದಳು. ಸಾಲು ಎಷ್ಟು ಸೊಟ್ಟವೆಂದರೆ ನಮ್ಮ ಮನೆಯವರು ಬದುವಿನ ಮೇಲೆ ನಿಂತು, “ಸಸಿ ಎಲ್ಲಿ ಹೊಂಟಾವವ್ವ, ಸಿಂಧನೂರಿಗೇನು?” ಎಂದು ಕೇಳಿದರು. ಅವಳು ಸೊಂಟಕ್ಕೆ ಕೈಯಿಟ್ಟು, “ಎಲ್ಲೆರೆ ಹೋಗಲಿ ಬಿಡ್ರಿ ಕಾಕಾ, ಬೆಳದ್ರ ಸಾಕು” ಎಂದಳು. ಆಮೇಲೆ ವಾರವಾರವೂ ಕಾರಟಗಿ ಬಸ್ಸು ಹತ್ತಿ ಹೋಗಿ ಪಟ್ಟಿ ಹಿಡಿದು ಪೈರಿನ ಎತ್ತರ ಅಳೆಯುವಳು. ಕಳೆ ಕೀಳುವವಳೊಬ್ಬಳು, “ಅದಕ್ಕ ಅಂಗಿ ಹೊಲಸ್ತೀಯೇನ?” ಎಂದು ಛೇಡಿಸಿದ್ದಕ್ಕೆ, “ಹೂನವ್ವ, ನಿನ್ನ ಮಗಳ ಲಗ್ನಕ್ಕ” ಎಂದಿದ್ದಳಂತೆ. ಇಂಥ ಉತ್ತರಗಳನ್ನು ಅತ್ತೆಯ ಕೈಯಲ್ಲಿ ಕಲಿತವಳು.

ದೀಪಾವಳಿ ಮುಗಿದ ಮೇಲೆ ಅವಳ ನಡೆ ಬದಲಾಯಿತು. ಸೆಮಿಸ್ಟರು ಮುಗಿಯುವುದಕ್ಕೆ ಬಂದಿತ್ತು, ಡಿಸೆಂಬರಿನಲ್ಲಿ ಹೋಗುವ ಟಿಕೆಟ್ಟು ಬಂದಾಗಲೇ ತೆಗೆಸಿದ್ದು. ಯಾರಾದರೂ “ಯಾವಾಗ ಹೊಂಟಿ?” ಎಂದರೆ ಕೇಳಿಸದವಳ ಹಾಗೆ ಮಾತು ಬದಲಿಸುವಳು. ಸಂತೆಗೆ ಹೋದರೆ ಏನನ್ನೂ ಕೊಳ್ಳದೆ ಅಂಗಡಿ ಅಂಗಡಿಯ ಮುಂದೆ ನಿಂತು ಬರುವಳು. ಮುಂದಿನ ಸಂಕ್ರಾಂತಿಗೆ ಏನು ಮಾಡ್ತೀರಿ, ಬೇಸಿಗೆಗೆ ಅಮ್ಮ ಎಲ್ಲಿ ಮಲಗ್ತಾರೆ, ಹೊಸ ವರ್ಷದ ಹುಡುಗರಿಗೆ ನೀವು ಮೊದಲ ಪಾಠ ಯಾವುದು ಹೇಳ್ತೀರಿ ಎಂದು ತಾನಿಲ್ಲದ ದಿನಗಳನ್ನೇ ಕೇಳುವಳು. ಸೂಟ್‌ಕೇಸನ್ನು ಮಂಚದ ಕೆಳಗಿನಿಂದ ಹೊರಗೆಳೆದು, ಮತ್ತೆ ಒಳಗೆ ತಳ್ಳಿದ ಸಪ್ಪಳ ಕೆಳಗೆ ನನಗೆ ಕೇಳಿಸುತ್ತಿತ್ತು. ಎಳೆದದ್ದು ಕೇಳಿದರೆ ನನ್ನ ಜೀವ ಹಾರುತ್ತಿತ್ತು. ಹೆತ್ತ ಮಗಳಲ್ಲ, ಕೂಡಿ ಬೆಳೆದ ತಂಗಿಯಲ್ಲ, ಬಾಡಿಗೆಗೆ ಬಂದ ಹುಡುಗಿ. ಹೋಗುವುದು ಮೊದಲೇ ಗೊತ್ತಿದ್ದರೂ ಮನಸ್ಸು ಕೇಳಬೇಕಲ್ಲ.

ಭತ್ತ ಇನ್ನೂ ಹಾಲುಗಾಳಿನಲ್ಲಿತ್ತು. ಅವಳು ಹೋದ ಮೇಲೆಯೇ ಕೊಯ್ಲು ಎನ್ನುವುದು ನಮಗೆಲ್ಲ ತಿಳಿದಿತ್ತು. ಒಂದು ದಿನ ಹೊಲದಿಂದ ಬಂದವಳು ಕಟ್ಟೆಯ ಮೇಲೆ ಕೂತು, “ಕಾಕಾ, ನನ್ನ ಮಡಿ ಒಂದೀಟು ಲಗೂ ಹಣ್ಣಾಗೂದಿಲ್ಲೇನ್ರಿ?” ಎಂದು ಕೇಳಿದಳು. ಭತ್ತದ ಬಗ್ಗೆ ಓದಲು ಬಂದವಳು ಕೇಳುವ ಪ್ರಶ್ನೆಯಲ್ಲ ಅದು. ನಮ್ಮ ಮನೆಯವರು ಮೋಟಾರಿನ ನೆಪ ಮಾಡಿಕೊಂಡು ಎದ್ದು ಹೋದರು.

ಅದೇ ವಾರ ನನಗೆ ಜ್ವರ ಬಂತು. ಅವಳು ಕಾಲೇಜು ಬಿಟ್ಟು ಅಡುಗೆಗೆ ನಿಂತಳು. ಕೈಗೆ ಸಿಕ್ಕ ಡಬ್ಬಿಯಿಂದ ಎಲ್ಲರಿಗೂ ಒಂದೇ ಅನ್ನಕ್ಕೆ ಅಕ್ಕಿ ಅಳೆಯುತ್ತಿದ್ದಾಗ ಅತ್ತೆ ತಡೆದರು.

“ನಿಂದು ಅದಲ್ಲವ್ವ. ನಿಂದು ಆ ಕಡೇದು, ಬೇವಿನ ಎಲಿ ಹಾಕಿದ್ದು.”

“ನಂದು ಅಂದ್ರ?”

“ಹಳೇ ಅಕ್ಕಿ. ಬೀಗರದು. ಇದು ಮುದ್ದಿ ಆಗ್ತೈತಿ, ನಮಗ ನಡೀತೈತಿ.”

ಅವಳು ಅಳತೆಯ ಸೇರನ್ನು ಕೆಳಗಿಟ್ಟಳು. “ದಿನಾ ನನಗ ಬ್ಯಾರೆ ಮಾಡ್ತಿದ್ರೇನ್ರಿ?”

“ಮತ್ತ? ನಮ್ಮ ಮನಿಗೆ ಬಂದಾಕಿಗೆ ಮುದ್ದಿ ಹಾಕಿ ಕಳಸ್ತೀವೇನ?” ಅತ್ತೆಯ ದನಿಯಲ್ಲಿ ಹೆಮ್ಮೆಯೇ ಇತ್ತು.

ಅವಳು ಸೇರನ್ನು ಮತ್ತೆ ಎತ್ತಿಕೊಂಡಳು. ಎರಡೂ ಅನ್ನ ಮಾಡಿದಳು. ತನ್ನ ತಾಟಿನ ಮುಂದೆ ಕೂತು, ಅರ್ಧಕ್ಕೇ ಬಿಟ್ಟು ಮೇಲೆ ಹೋದಳು. ಅತ್ತೆ ನನ್ನ ಹಾಸಿಗೆಯ ಹತ್ತಿರ ಬಂದು, “ಛಲೋ ಅಕ್ಕಿ ಹಾಕಿದ್ದಕ್ಕ ಸಿಟ್ಟಾದಾಕಿನ್ನ ನಾ ಇಲ್ಲೀತನ ನೋಡಿಲ್ಲ. ಏನಾತಂತ ಕೇಳು” ಎಂದರು.

ಸಂಜೆ ಕಷಾಯ ತಂದವಳನ್ನು ಕೇಳಿದೆ. ಲೋಟ ನನ್ನ ಕೈಗೆ ಕೊಟ್ಟು, ಮಂಚದ ಕಾಲಿಗೆ ಒರಗಿ ಕೂತು ಹೇಳಿದಳು. “ಅಕ್ಕೋರ, ಊರಿಗೆ ಹೋದಮ್ಯಾಲ ನಮ್ಮವ್ವ ಕೇಳ್ತಾಳ, ಎಲ್ಲಿದ್ದಿ ಅಂತ. ಬೀಗರ ಮನ್ಯಾಗಿದ್ದೆ ಅನ್ಲ್ಯೋ, ನಮ್ಮ ಮನ್ಯಾಗಿದ್ದೆ ಅನ್ಲ್ಯೋ? ನಾ ನಮ್ಮ ಮನಿ ಅಂದ್ಕೊಂಡಿದ್ದೆ.” ಆಮೇಲೆ ತಡೆದು, “ಬೀಗರು ಹೋಗೂದಕ್ಕ ಬಂದಿರ್ತಾರಲ್ರಿ” ಎಂದಳು.

ನಮ್ಮ ಕೈಲಾದ ದೊಡ್ಡ ಮರ್ಯಾದೆಯನ್ನೇ ಮಾಡಿದ್ದೆವು. ಅದೇ ಅವಳನ್ನು ದಿನಾ ಹೊಸಿಲ ಆಚೆ ಕೂರಿಸಿತ್ತು. ಅತ್ತೆಗೆ ಇದನ್ನು ಹೇಳಿದಾಗ ಅವರು ಬಾಯಲ್ಲಿದ್ದ ಎಲೆಯನ್ನು ಜಗಿಯುವುದನ್ನೇ ನಿಲ್ಲಿಸಿದರು. ಮರುದಿನದಿಂದ ಎಲ್ಲರಿಗೂ ಒಂದೇ ಅನ್ನ ಮಾಡೋಣವೇ ಎಂದು ಕೇಳಿದೆ. “ಈಗ ಹಂಗ ಮಾಡಿದ್ರ ಆಕಿ ಸಿಟ್ಟಿಗೆ ಹೆದರಿ ಮಾಡಿದಂಗ ಆಗ್ತೈತಿ. ಸುಮ್ಮಿರು” ಎಂದರು. ಹೀಗೆ ಹಳೆಯ ಅಕ್ಕಿಯೇ ಮುಂದುವರಿಯಿತು. ಅವಳು ತಲೆ ತಗ್ಗಿಸಿ ಉಂಡು ಏಳುತ್ತಿದ್ದಳು. ಅತ್ತೆಯ ಜೊತೆ ಮಾತು ಬಿಡಲಿಲ್ಲ, ಆದರೆ “ಶಿವನ, ಮಣಕಾಲು” ಎನ್ನುವುದು ನಿಂತಿತು. ಮನೆ ಬಿಕೋ ಎನ್ನತೊಡಗಿತು. ಹೋಗುವ ಮೊದಲೇ ಹೋದಂತಾಗಿದ್ದಳು.

ಅವಳು ಹೊರಡುವ ಮುಂಚಿನ ಭಾನುವಾರ ಒಂದು ಊಟ ಇಟ್ಟುಕೊಂಡೆವು. ಅವಳ ಜೊತೆ ಓದುವವರು, ಅದೇ ಬಿಗಿ ಮುಖದ ಪ್ರೊಫೆಸರು, ಓಣಿಯ ಹತ್ತಾರು ಜನ. ಹೋಳಿಗೆ, ಎಣ್ಣೆಗಾಯಿ, ರೊಟ್ಟಿ. ಅತ್ತೆ ಬೀಗರ ಡಬ್ಬಿಯನ್ನು ತಳ ಕಾಣುವವರೆಗೆ ಬೋರಲು ಹಾಕಿ ದೊಡ್ಡ ಪಾತ್ರೆಯಲ್ಲಿ ಅನ್ನಕ್ಕಿಡಿಸಿದರು. ಪಡಸಾಲೆಯಲ್ಲಿ ಪಂಕ್ತಿ ಹಾಕಿದೆವು. ನಾನು ಕೊಟ್ಟ ಇಳಕಲ್ ಸೀರೆ ಉಟ್ಟು ಅವಳು ಇಳಿದು ಬಂದಾಗ ಎಲ್ಲರೂ ಮಧ್ಯದ ತಾಟು ತೋರಿಸಿದರು. ಅವಳಿಗಾಗಿಯೇ ಇಟ್ಟ ಊಟವಲ್ಲವೇ. ಅವಳು ಯಾರನ್ನೂ ನೋಡದೆ ಹೋಗಿ ಕೂತಳು.

ಅತ್ತೆ ಒಳಗಿನಿಂದ ಅನ್ನದ ಬುಟ್ಟಿ ಹಿಡಿದು ಬಂದರು. ಅವಳ ಮುಂದೆ ನಿಂತರು.

“ಏನವ್ವ, ಬೀಗತಿಯಂಗ ಕುಂತುಬಿಟ್ಟಿ? ಏಳು. ಹಿಡಿ ಇದನ್ನ. ಜನ ಉಣ್ಣಾಕ ಕುಂತೈತಿ, ಕಾಣೂದಿಲ್ಲೇನು?”

ಪಂಕ್ತಿಯಲ್ಲಿದ್ದವರೆಲ್ಲ ತಲೆ ಎತ್ತಿ ನೋಡಿದರು. ಪ್ರೊಫೆಸರು ನಡುವೆ ಬಾಯಿ ಹಾಕಿ, “ಇರ್ಲಿ ಬಿಡ್ರಿ ಅಮ್ಮಾರ. ಇವತ್ತು ಆಕಿ ಕುಂತು ಉಣ್ಣೂ ದಿನ” ಎಂದರು.

“ನೀವು ಕುಂತು ಉಣ್ರಿ ಸರ, ನೀವು ಬೀಗರು. ಮನಿ ಹುಡುಗಿ ಇರಬೇಕಾದ್ರ ಓಣ್ಯಾಗಿನೋರ ಕೈಲೆ ನೀಡಸ್ಲೇನು? ನನ್ನ ಸೊಂಟಂತೂ ಬಿದ್ದೈತಿ.”

ಅವಳು ಅತ್ತೆಯ ಮುಖವನ್ನೇ ನೋಡುತ್ತ ಕೂತಿದ್ದಳು. ಎಲ್ಲಿ ಎಲ್ಲರ ಮುಂದೆ ಅತ್ತುಬಿಡುತ್ತಾಳೋ ಎಂದು ನಾನು ಹೆದರಿದೆ. ಅವಳು ಎದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬುಟ್ಟಿ ಇಸಿದುಕೊಂಡು, “ಶಿವನ” ಎಂದು ನಡು ಬಗ್ಗಿಸಿದಳು.

ಆ ದಿನ ಅವಳು ನೀಡಿದ ಹಾಗೆ ನಮ್ಮ ಮನೆಯಲ್ಲಿ ಯಾರೂ ನೀಡಿಲ್ಲ. ಸಾಕು ಎಂದವರ ಕೈಯನ್ನು ಬದಿಗೆ ಸರಿಸಿ ಹಾಕಿದಳು. ತುಪ್ಪದ ಗಿಂಡಿ ಹಿಡಿದು ಬೆನ್ನು ಹತ್ತಿದಳು. ಪ್ರೊಫೆಸರು ಎರಡೂ ಕೈ ಅಡ್ಡ ಹಿಡಿದರೆ, “ಯಾಕ್ರಿ ಸರ, ನಮ್ಮ ಮನಿ ಊಟ ಸೇರಲಿಲ್ಲೇನು?” ಎಂದಳು. ಅವರು ಕೈ ತೆಗೆದರು. ನಾನು ಪಲ್ಯದ ಪಾತ್ರೆ ಹಿಡಿದವಳು ಅಲ್ಲೇ ನಿಂತುಬಿಟ್ಟೆ. ‘ನಮ್ಮ ಮನಿ’ ಎಂದದ್ದನ್ನು ಅವಳು ಗಮನಿಸಿದಳೋ ಇಲ್ಲವೋ, ಬಾಗಿಲ ಹತ್ತಿರ ಕೂತಿದ್ದ ಅತ್ತೆ ಗಮನಿಸಿದ್ದರು.

ಎಲ್ಲರೂ ಉಂಡು, ಎಲೆ ಅಡಿಕೆ ಹಾಕಿಕೊಂಡು ಹೋಗುವ ಹೊತ್ತಿಗೆ ಬಿಸಿಲು ಇಳಿದಿತ್ತು. ಹಳೆಯ ಅಕ್ಕಿಯ ಪಾತ್ರೆಯಲ್ಲಿ ಒಂದಗುಳು ಉಳಿದಿರಲಿಲ್ಲ. ಹೋಳಿಗೆಯೂ ಮುಗಿದಿತ್ತು. ನಮ್ಮ ಪಾಲಿಗೆ ಸಣ್ಣ ಪಾತ್ರೆಯಲ್ಲಿ ಬೇರೆ ಮಾಡಿದ್ದ ಮುದ್ದೆ ಅನ್ನ, ಎಣ್ಣೆಗಾಯಿಯ ರಸ. ಮೂವರೂ ಒಲೆಯ ಹತ್ತಿರ ಕಾಲು ಚಾಚಿ ಕೂತೆವು. ಅವಳೇ ಪಾತ್ರೆಯನ್ನು ಮುಂದಕ್ಕೆಳೆದುಕೊಂಡು ತಳ ಕೆರೆದು ಮೂರು ತಾಟಿಗೂ ಹಾಕಿದಳು. ತಳ ಸ್ವಲ್ಪ ಸೀದಿತ್ತು. ಮೊದಲ ತುತ್ತು ಬಾಯಿಗಿಟ್ಟು ಅಳತೊಡಗಿದಳು. ಅಲ್ಲಿಯವರೆಗೆ ತಡೆದಿದ್ದದ್ದೆಲ್ಲ ಬಂತು, ಅವ್ವನ ಹತ್ತಿರ ಹೋಗುವ ಸಂತೋಷ, ಇಲ್ಲಿಂದ ಹೋಗುವ ಸಂಕಟ, ಎರಡೂ.

“ಉಣ್ಣೂ ಮುಂದ ಅಳಬಾರದು. ಅನ್ನ ನೊಂದ್ಕೊತೈತಿ” ಎಂದರು ಅತ್ತೆ. ಹೇಳಿದವರೇ ಸೆರಗಿನಿಂದ ಮೂಗು ಒರೆಸಿಕೊಂಡರು. ನಾನು ಉಪ್ಪು ತರುವ ನೆಪದಲ್ಲಿ ಎದ್ದೆ. ತಿರುಗಿ ಬಂದಾಗ ಅತ್ತೆಯೂ ಅವಳೂ, ಪ್ರೊಫೆಸರು ತುಪ್ಪಕ್ಕೆ ಸೋತ ಬಗೆಯನ್ನು ಹೇಳಿಕೊಂಡು ನಗುತ್ತಿದ್ದರು. ಆ ನಗುವನ್ನು ಈಗ ಎಷ್ಟು ನೆನೆಸಿಕೊಂಡರೂ ತೃಪ್ತಿಯಾಗುವುದಿಲ್ಲ.

ಬುಧವಾರ ಅವಳು ರೈಲು ಹತ್ತಿದಳು. ಸ್ಟೇಷನ್ನಿಗೆ ನಾನು, ನಮ್ಮ ಮನೆಯವರು ಹೋಗಿದ್ದೆವು. ಅತ್ತೆ ಬರಲಿಲ್ಲ. ಮನೆಯ ಬಾಗಿಲಿಗೂ ಬರಲಿಲ್ಲ. ಒಳಗೆ ಗೋಡೆ ಕಡೆ ಮುಖ ಮಾಡಿ ತೊಗರಿ ಹಸನು ಮಾಡುತ್ತ ಕೂತಿದ್ದರು. ಅವಳು ಹಿಂದಿನಿಂದ ಹೋಗಿ ಅವರ ಹೆಗಲ ಮೇಲೆ ಗದ್ದವಿಟ್ಟು ಸ್ವಲ್ಪ ಹೊತ್ತು ಇದ್ದು ಬಂದಳು.

ಅವಳು ಹೋದ ಮೇಲೆ ಭತ್ತ ಹಣ್ಣಾಯಿತು. ಕಟಾವಿನ ಮಷಿನ್ನು ಬಂದ ದಿನ ಕಾಲುವೆ ಕಡೆಯ ಮೂಲೆಯ ಮಡಿಯನ್ನು ನಮ್ಮ ಮನೆಯವರು ಮಷಿನ್ನಿಗೆ ಬಿಡದೆ, ಕುಡುಗೋಲಿನಿಂದ ಕೊಯ್ಸಿ ಬೇರೆ ಇಟ್ಟರು. ಆ ಭತ್ತವನ್ನು ಗಿರಣಿಗೆ ಹಾಕಿಸಿ ತಂದ ದಿನವೇ ಅತ್ತೆ ಅನ್ನಕ್ಕಿಡು ಎಂದರು. ಒಂದು ದಿನವೂ ಹಳೆಯದಾಗಲು ಬಿಡಲಿಲ್ಲ. ಗಂಜಿಯಂಥ ಅನ್ನವಾಯಿತು. ನಮ್ಮ ಮನೆಯವರು ಮಾತಿಲ್ಲದೆ ಉಂಡು ಎದ್ದರು. ನಾವಿಬ್ಬರೂ ಒಲೆಯ ಹತ್ತಿರ ಕೂತಾಗ ಅವಳ ಫೋನು ಬಂತು. ನಾನು ಸ್ಪೀಕರಿಗೆ ಹಾಕಿದ ಫೋನನ್ನು ಅತ್ತೆಯೇ ಇಸಿದುಕೊಂಡರು.

“ಅಮ್ಮ, ನನ್ನ ಮಡಿ ಕೊಯ್ದ್ರೇನ್ರಿ?”

“ಕೊಯ್ದೀವಿ.”

“ಅನ್ನ ಹೆಂಗಾಗೇತ್ರಿ?”

“ಮುದ್ದಿ ಆಗೇತಿ. ತಳ ಹಿಡದೈತಿ.” ಅತ್ತೆ ಪಾತ್ರೆಯೊಳಗೆ ಬಗ್ಗಿ ನೋಡಿದರು. “ಕೆರದಿಲ್ಲ. ಅದು ನಿನ್ನ ಪಾಲು.”

ಫೋನು ಕಟ್ಟಾಯಿತೇನೋ ಎಂದು ನಾನು ನೋಡಿದೆ, ಆಗಿರಲಿಲ್ಲ. ಆ ಕಡೆಯ ಉಸಿರು ಕೇಳುತ್ತಿತ್ತು. ಅತ್ತೆ ಫೋನನ್ನು ಕಿವಿಗೆ ಹಿಡಿದುಕೊಂಡೇ ಕೂತಿದ್ದರು. ಅವಳು ಬೇಕಿತ್ತು, ಅಲ್ಲೇ, ನಮ್ಮಿಬ್ಬರ ನಡುವೆ, ಕಾಲು ಚಾಚಿಕೊಂಡು.

ಆ ದಿನ ತಳವನ್ನು ಅತ್ತೆ ಕೆರೆಯಲಿಲ್ಲ, ನಾನೂ ಕೆರೆಯಲಿಲ್ಲ. ಸಂಜೆ ಪಾತ್ರೆ ತಿಕ್ಕುವವಳು ಬಂದು ನೀರು ಹಾಕಿ ನೆನೆಯಿಡಲೇ ಎಂದು ಕೇಳಿದಾಗ, ಅತ್ತೆ ಒಳಗಿನಿಂದಲೇ, ಇನ್ನೊಂದು ಸ್ವಲ್ಪ ಹೊತ್ತು ಇರಲಿ ಬಿಡು ಎಂದರು.